ಶಾರ್ಜಾ ಆಶಿಕ್ ಕಟ್ಟಿದ ನಾಲ್ಕು ಮಾಳಿಗೆಯ ನೆಟ್‌ವರ್ಕ್

ಕಡಬದ ಆಶಿಕ್ ಶಾರ್ಜಾ ಬಿಟ್ಟು ಬಂದು ಕೆಲವು ಮಳೆಗಾಲ ಕಳೆದಿದ್ದರೂ ಶಾರ್ಜಾ ಅವನ ಬಾಯಿ ಬಿಟ್ಟು ಹೋಗಿರಲಿಲ್ಲ. ಅಲ್ಲಿ ಅವನು ಒಂದು ದೊಡ್ಡ ಮಾಲ್‌ನ ನೆಟ್‌ವರ್ಕ್ ನೋಡಿಕೊಳ್ಳುವ ತಂಡದಲ್ಲಿದ್ದ. ತಂಡದಲ್ಲಿ ಅವನ ಕೆಲಸವೇನು ಎಂದು ಊರಿನಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ, ಏಣಿಯ ಮೇಲೆ ನಿಂತು ಸೀಲಿಂಗ್‌ನ ಒಳಗೆ ವಯರ್ ಎಳೆಯುವುದು ಎಂಬ ಉತ್ತರ ಸಿಗುತ್ತಿತ್ತು. ವಯರ್ ಎಳೆಯುವುದು ಕೀಳು ಕೆಲಸವೇನಲ್ಲ. ಆದರೆ ಏಣಿ ಇಳಿದು ವಿಮಾನ ಹತ್ತುವಾಗ ಅವನು ಇಂಜಿನಿಯರ್ ಆಗಿದ್ದ; ಬಜಪೆಯಲ್ಲಿ ಇಳಿಯುವಾಗ ಸೀನಿಯರ್ ಇಂಜಿನಿಯರ್. ಇಷ್ಟು ಬೇಗ ಬಡ್ತಿ ಕೊಡುವ ಕಂಪೆನಿ ಆಕಾಶದಲ್ಲಲ್ಲದೆ ಭೂಮಿಯ ಮೇಲೆ ಇಲ್ಲ.

ಪುತ್ತೂರು ಪೇಟೆಯಲ್ಲಿ ಒಂದು ಕೋಣೆ ಹಿಡಿದು, ಕ್ಯಾಮೆರಾ, ಕಂಪ್ಯೂಟರ್, ನೆಟ್‌ವರ್ಕ್ ಎಂದು ಬೋರ್ಡು ಹಾಕಿದ. ಕುತ್ತಿಗೆಗೆ ಒಂದು ಪಟ್ಟಿ, ಪಟ್ಟಿಯ ತುದಿಯಲ್ಲಿ ಗುರುತಿನ ಕಾರ್ಡು. ಕಾರ್ಡು ಕೊಟ್ಟ ಧಣಿಯೂ ಅವನೇ, ಪಡೆದ ನೌಕರನೂ ಅವನೇ. ಬರೀ ಆಶಿಕ್ ಎಂದು ಕರೆದರೆ ಅರ್ಧ ತಿರುಗುತ್ತಿದ್ದ, ಆಶಿಕ್ ಸರ್ ಎಂದರೆ ಪೂರ್ತಿ ತಿರುಗುತ್ತಿದ್ದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನಿಗೆ ಐಶ್ವರ್ಯ ಬಂದಿರಲಿಲ್ಲ, ಆದರೂ ಕೊಡೆ ಮಡಚುತ್ತಿರಲಿಲ್ಲ.

ಇಂಥವನ ಕೈಗೆ ಅಲಿ ಕುಂಞಿ ಹಾಜಿಯವರ ಬಟ್ಟೆ ಅಂಗಡಿ ಸಿಕ್ಕಿತು. ಹಾಜಿಯವರು ಹಳೆಯ ಅಂಗಡಿಯನ್ನು ಕೆಡವಿ ನಾಲ್ಕು ಮಾಳಿಗೆ ಎಬ್ಬಿಸಿದ್ದರು. ಕೆಳಗೆ ಮಕ್ಕಳ ಬಟ್ಟೆ, ಅದರ ಮೇಲೆ ಗಂಡಸರದ್ದು, ಅದರ ಮೇಲೆ ಸೀರೆ, ಎಲ್ಲಕ್ಕಿಂತ ಮೇಲೆ ಮದುವೆಯ ಜವಳಿ. ಮಾಳಿಗೆಗೊಂದು ಕೌಂಟರ್, ಕೌಂಟರ್‌ಗೊಂದು ಕಂಪ್ಯೂಟರ್, ಅದರ ಪಕ್ಕ ಬಿಲ್ಲಿನ ಪ್ರಿಂಟರ್. ಇಷ್ಟಕ್ಕೆ ಒಂದು ಪೆಟ್ಟಿಗೆ ಇಟ್ಟು ಎಲ್ಲ ವಯರ್ ಸಿಕ್ಕಿಸಿದ್ದರೆ ಮಧ್ಯಾಹ್ನದ ಊಟಕ್ಕೆ ಮೊದಲು ಕೆಲಸ ಮುಗಿಯುತ್ತಿತ್ತು. ಆದರೆ ಶಾರ್ಜಾದ ಮಾಲ್‌ನಲ್ಲಿ ಹಾಗೆ ಇರಲಿಲ್ಲವಲ್ಲ. ಅಲ್ಲಿ ಪ್ರತಿ ವಿಭಾಗಕ್ಕೂ ಬೇರೆ ಬೇರೆ ವಿಲ್ಯಾನ್ ಇತ್ತು. ಹಾಗಾಗಿ ಇಲ್ಲಿಯೂ ಮಾಳಿಗೆಗೊಂದು ವಿಲ್ಯಾನ್ ಆಗಬೇಕೆಂದು ಆಶಿಕ್ ಹಟ ಹಿಡಿದ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡುವವರಿಗೆ ಗುಬ್ಬಿಯ ಗಾತ್ರ ಮುಖ್ಯವಲ್ಲ, ಅಸ್ತ್ರ ತಮ್ಮ ಕೈಯಲ್ಲಿದೆ ಎಂಬುದು ನಾಲ್ಕು ಜನಕ್ಕೆ ಕಾಣಬೇಕು.

"ಎಂತ ಅದು ವಿಲ್ಯಾನ್?" ಎಂದು ಹಾಜಿಯವರು ಕೇಳಿದರು.

"ಹಾಜಿಯವರೆ, ಮದುವೆ ಹಾಲ್ ಇರ್ತದಲ್ಲ. ಗಂಡಸರಿಗೆ ಊಟಕ್ಕೆ ಒಂದು ಕಡೆ, ಹೆಂಗಸರಿಗೆ ಇನ್ನೊಂದು ಕಡೆ. ನಡುವೆ ಗೋಡೆ. ಇವರು ಅಲ್ಲಿಗೆ ಹೋಗ್ಲಿಕ್ಕಿಲ್ಲ, ಅವರು ಇಲ್ಲಿಗೆ ಬರ್ಲಿಕ್ಕಿಲ್ಲ. ಅದೇ ವಿಲ್ಯಾನ್."

"ಅಡುಗೆ?"

"ಅಡುಗೆ ಒಂದೇ. ಅದು ಡಿಎಚ್‌ಸಿಪಿ. ಪ್ರತಿ ಕಂಪ್ಯೂಟರ್‌ಗೂ ಬೆಳಿಗ್ಗೆ ಒಂದು ನಂಬರ್ ಬೇಕು. ನಂಬರ್ ಇಲ್ಲದಿದ್ರೆ ಅದಕ್ಕೆ ಕೆಲಸ ಮಾಡ್ಲಿಕ್ಕೆ ಆಗುದಿಲ್ಲ. ಅಡುಗೆಯವ ಒಬ್ಬನೇ ಎಲ್ಲ ಮಾಳಿಗೆಗೂ ನಂಬರ್ ಬಡಿಸುದು. ಗೋಡೆಯ ಆಚೆ ತಗೊಂಡು ಹೋಗ್ಲಿಕ್ಕೆ ಒಬ್ಬ ಬಡಿಸುವವ ಉಂಟು, ಅವನಿಗೆ ರಿಲೇ ಅಂತ ಹೇಳುದು."

ಹಾಜಿಯವರಿಗೆ ಬಿರಿಯಾನಿಯ ಮಟ್ಟಿಗೆ ವಿಷಯ ಪೂರ್ತಿ ಅರ್ಥವಾಯಿತು. ಅವರು ಒಪ್ಪಿದರು. ಇದು ಸರಿಯಾದರೆ ಸುಳ್ಯದ ಮತ್ತು ಕಡಬದ ಅಂಗಡಿಗಳ ಕೆಲಸವೂ ನಿನಗೇ ಎಂದರು.

ನಾಲ್ಕು ಮಾಳಿಗೆಯ ವಯರ್‌ಗಳೆಲ್ಲ ಕೆಳಗೆ ಮೆಟ್ಟಿಲ ಅಡಿಯ ಕಪಾಟಿಗೆ ಇಳಿದು ಬಂದವು. ಅಲ್ಲಿದ್ದ ಸ್ವಿಚ್ ಎಂಬ ಪೆಟ್ಟಿಗೆಗೆ ಸಾಲಾಗಿ ತೂತುಗಳು. ಇಷ್ಟು ತೂತು ಮಕ್ಕಳ ಮಾಳಿಗೆಗೆ, ಇಷ್ಟು ಗಂಡಸರ ಮಾಳಿಗೆಗೆ ಎಂದು ಆಶಿಕ್ ಲ್ಯಾಪ್‌ಟಾಪಿನಲ್ಲಿ ಕೂತು ಹಂಚಿದ. ಉಳಿದ ಖಾಲಿ ತೂತುಗಳನ್ನು ಸೆಕ್ಯುರಿಟಿ ಎಂದು ಹೇಳಿ ಎಲ್ಲಿಗೂ ಹೋಗದ ಒಂದು ವಿಲ್ಯಾನಿಗೆ ಸೇರಿಸಿದ. ಯಾವ ತೂತು ಯಾರದ್ದು ಎಂದು ಒಂದು ಚೀಟಿ ಅಂಟಿಸುವುದು ಅವನ ಘನತೆಗೆ ಕಡಿಮೆಯಾಯಿತು. ಚೀಟಿ ಅಂಟಿಸುವುದು, ವಯರ್ ಮುಟ್ಟುವುದು, ಮೊಣಕಾಲೂರಿ ಕಪಾಟಿನೊಳಗೆ ತಲೆ ಹಾಕುವುದು ಇವೆಲ್ಲ ಏಣಿಯವರ ಕೆಲಸ. ಅವನು ಈಗ ಏಣಿಯವನಲ್ಲ.

ಕಪಾಟಿನ ಕೀಲಿಕೈಯನ್ನು ಅಂಗಡಿಯ ಮ್ಯಾನೇಜರ್ ವಾಸಂತಿಯ ಕೈಗೆ ಕೊಡುವಾಗ ದೂರದಲ್ಲಿ ಮೋಡ ಗುರುಗುಟ್ಟಿತು. "ವಾಸಂತಿಯಕ್ಕ, ಗುಡುಗು ಬಂದ್ರೆ ಇದರ ವಯರ್ ಎಲ್ಲ ತೆಗ್ದಿಡಿ. ಸಿಡಿಲಿಗೆ ಹೋದ್ರೆ ವಾರಂಟಿ ಇಲ್ಲ" ಎಂದ. ಹೇಳಿದ್ದು ಆಮೇಲೆ ಅವನಿಗೇ ನೆನಪಿರಲಿಲ್ಲ. ಈ ಊರಿನಲ್ಲಿ ಅದು ಹೇಳಿ ನೆನಪಿಟ್ಟುಕೊಳ್ಳುವ ಮಾತಲ್ಲ. ಮೊದಲ ಗುಡುಗಿಗೆ ಮನೆಯವರು ಎದ್ದು ಟಿವಿಯ ಪ್ಲಗ್ ತೆಗೆಯುತ್ತಾರೆ, ಮೋಡೆಮ್‌ನ ವಯರ್ ತೆಗೆಯುತ್ತಾರೆ, ಮತ್ತೆ ಅಂಗಳದಲ್ಲಿ ಒಣಗಿದ ಬಟ್ಟೆಯ ಕಡೆ ನೋಡುತ್ತಾರೆ. ಮಕ್ಕಳನ್ನು ಒಳಗೆ ಕರೆಯುವುದು ಅದಾದ ಮೇಲೆ.

ಚೈತ್ರ ಕಳೆದು ಮದುವೆಯ ಸೀಸನ್ ಶುರುವಾಯಿತು. ಸಂಜೆಯ ಮಳೆಯೂ ಅದರ ಜೊತೆಗೇ ಶುರುವಾಯಿತು. ಗುಡುಗಿದ ಕೂಡಲೇ ಕರೆಂಟ್ ಹೋಗುವುದು ಪುತ್ತೂರಿನ ವಾಡಿಕೆ. ಆಗ ಕೌಂಟರಿನವರು ಕೈಯಲ್ಲಿ ಬಿಲ್ಲು ಬರೆಯುತ್ತಿದ್ದರು. ಮಳೆ ನಿಂತು ಕರೆಂಟ್ ಬಂದು ಕಂಪ್ಯೂಟರ್ ಹಾಕಿದರೆ ಒಂದೂ ಸರಿ ಇಲ್ಲ. ಸೀರೆ ಮಾಳಿಗೆಯ ಕಂಪ್ಯೂಟರ್‌ಗೆ ಗಂಡಸರ ಮಾಳಿಗೆಯ ನಂಬರ್ ಬಂದಿದೆ. ಮದುವೆ ಮಾಳಿಗೆಗೆ ನಂಬರೇ ಇಲ್ಲ. ನಂಬರ್ ತಪ್ಪಿದ ಕಂಪ್ಯೂಟರ್‌ಗೆ ಪಕ್ಕದಲ್ಲೇ ಕೂತಿರುವ ಪ್ರಿಂಟರ್ ಕಾಣುವುದಿಲ್ಲ. ನಡುವೆ ಆಶಿಕ್ ಎಬ್ಬಿಸಿದ ಗೋಡೆ ಇದೆಯಲ್ಲ. ಸೀರೆ ಆರಿಸಲು ಮಧ್ಯಾಹ್ನವಿಡೀ ಕಳೆದ ಮದುವೆ ಮನೆಯವರು ಬಿಲ್ಲಿಗಾಗಿ ರಾತ್ರಿಯವರೆಗೆ ಕಾದರು.

ಆಶಿಕ್ ಮರುದಿನ ಬೆಳಿಗ್ಗೆ ಬರುತ್ತಿದ್ದ. ಹಾಜಿಯವರ ಕೋಣೆಯ ಎಸಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆಯುತ್ತಿದ್ದ. ತೂತುಗಳ ಹಂಚಿಕೆ ಬದಲಿಸುತ್ತಿದ್ದ, ಎಲ್ಲ ಸರಿಯಾಗುತ್ತಿತ್ತು. ಸಂಜೆ ಗುಡುಗುತ್ತಿತ್ತು, ಎಲ್ಲ ಮತ್ತೆ ಕೆಡುತ್ತಿತ್ತು. ರಿಲೇಯನ್ನು ಬಯ್ದ. ಸ್ವಿಚ್ಚಿನ ಸಾಫ್ಟ್‌ವೇರ್ ಹಳತಾಯಿತೆಂದು ಹೊಸದು ಹಾಕಿದ. ಡಿಎಚ್‌ಸಿಪಿಯನ್ನು ಅಳಿಸಿ ಮತ್ತೆ ಬರೆದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ನೆಲವನ್ನು ದಿನಕ್ಕೊಮ್ಮೆ ಅಗೆದ. ಎದ್ದು ಕೆಳಗೆ ಇಳಿದು ಕಪಾಟಿನ ಬಾಗಿಲು ತೆರೆದು ವಯರ್‌ಗಳನ್ನು ಒಮ್ಮೆ ಕಣ್ಣಿನಿಂದ ನೋಡುವುದೊಂದನ್ನು ಮಾಡಲಿಲ್ಲ.

ಇದೆಲ್ಲದರ ನಡುವೆ, ಸಂಜೆ ಪೇಟೆಯ ತನ್ನ ಕೋಣೆಯಲ್ಲಿ ಕೂತಿದ್ದಾಗ ಬಾನಂಚಿನಲ್ಲಿ ಸ್ವಲ್ಪ ಸದ್ದಾದರೆ ಸಾಕು, ಮೊಬೈಲ್ ತೆಗೆದು ಕಡಬದಲ್ಲಿದ್ದ ಹೆಂಡತಿ ಆಯಿಶತ್ ಶಿಫಾಗೆ ಫೋನ್ ಮಾಡುತ್ತಿದ್ದ. "ಇಲ್ಲಿ ಗುಡುಗ್ತಾ ಉಂಟು. ಮೋಡೆಮ್ ವಯರ್ ತೆಗ್ದೆಯಾ?"

"ಆಗಲೇ ತೆಗ್ದಾಯ್ತು" ಎನ್ನುತ್ತಿದ್ದಳು ಶಿಫಾ.

ಆಶಿಕ್ ಸಮಾಧಾನದಿಂದ ಫೋನ್ ಇಟ್ಟು, ಹಾಜಿಯವರ ಅಂಗಡಿಯ ನೆಟ್‌ವರ್ಕ್ ಗುಡುಗಿದ ಮೇಲೆ ಯಾಕೆ ಕೆಡುತ್ತದೆ ಎಂದು ಗಾಢವಾಗಿ ಯೋಚಿಸುತ್ತಿದ್ದ.

ಹಾಜಿಯವರ ತಾಳ್ಮೆ ತೀರುತ್ತ ಬಂತು. ಸುಳ್ಯದ ಅಂಗಡಿಗೆ ಬೇರೆ ಯಾರನ್ನಾದರೂ ನೋಡುವ ಎಂಬ ಮಾತು ಅವರ ಬಾಯಿಂದ ಬಂತು. ಅಲ್ಲಿಗೆ ಆಶಿಕ್‌ಗೆ ಒಬ್ಬ ಕಳ್ಳ ಬೇಕಾಯಿತು. ಸೀರೆ ಮಾಳಿಗೆಗೆ ಗಂಡಸರ ಮಾಳಿಗೆಯ ನಂಬರ್ ಬರಬೇಕಾದರೆ ಅಂಗಡಿಯೊಳಗೆ ಇನ್ನೊಬ್ಬ ಅಡುಗೆಯವನು ಇದ್ದಾನೆ, ಕಳ್ಳ ನಂಬರ್ ಹಂಚುತ್ತಿದ್ದಾನೆ ಎಂದು ತೀರ್ಮಾನಿಸಿದ. ಯಾರೋ ಮನೆಯ ವೈಫೈ ರೌಟರ್ ತಂದು ಗೋಡೆಗೆ ಸಿಕ್ಕಿಸಿದರೆ ಹಾಗಾಗುವುದುಂಟು. ನಂಬರ್ ಯಾರು ಕೊಟ್ಟದ್ದು ಎಂಬುದು ಆ ಕಂಪ್ಯೂಟರಿನಲ್ಲೇ ಬರೆದಿರುತ್ತದೆ, ಒಂದು ಸಾಲು ಕೆಳಗೆ ಓದಿದರೆ ಸಾಕಿತ್ತು. ಅವನು ಆ ಸಾಲಿನವರೆಗೆ ಹೋಗಲಿಲ್ಲ. ಕೌಂಟರ್‌ಗಳನ್ನು ತಪಾಸಣೆ ಮಾಡಿದ.

ಸೀರೆ ಮಾಳಿಗೆಯ ಕೌಂಟರ್ ಝೈನಬಳದ್ದು. ನೆಟ್ಟಣದಿಂದ ಬೆಳಿಗ್ಗಿನ ಬಸ್ಸು ಹಿಡಿದು, ಕಡಬದಲ್ಲಿ ಬದಲಿಸಿ ಬರುವವಳು. ತಾಯಿ, ಇಬ್ಬರು ತಂಗಿಯರು ಅವಳ ಸಂಬಳದಲ್ಲೇ ಬದುಕುತ್ತಿದ್ದರು. ಗಿರಾಕಿ ಸೀರೆ ಮುಟ್ಟಿದ ರೀತಿಯಲ್ಲೇ ಕೊಳ್ಳುವವರೋ ನೋಡಿ ಹೋಗುವವರೋ ಎಂದು ಹೇಳಬಲ್ಲವಳು ಎಂದು ಹಾಜಿಯವರೇ ಹೊಗಳುತ್ತಿದ್ದರು. ಅವಳ ಡ್ರಾಯರಿನಲ್ಲಿ, ಊಟದ ಬುತ್ತಿಯ ಕೆಳಗೆ, ಒಂದು ರೌಟರ್ ಸಿಕ್ಕಿತು.

"ಅದು ಮನೆಯದ್ದು ಸರ್. ಸಿಡಿಲಿಗೆ ಸತ್ತು ಹೋಗಿದೆ. ರಿಪೇರಿಗೆ ಕೊಡ್ಲಿಕ್ಕೆ ತಂದದ್ದು" ಎಂದಳು ಝೈನಬ.

"ಸಿಕ್ಕಿಬಿದ್ದವರೆಲ್ಲ ಹೀಗೇ ಹೇಳುದು" ಎಂದ ಆಶಿಕ್. ಅದಕ್ಕೆ ಕರೆಂಟ್ ಕೊಟ್ಟು ಬದುಕಿದೆಯೋ ಸತ್ತಿದೆಯೋ ನೋಡುವ ತೊಂದರೆ ತೆಗೆದುಕೊಳ್ಳಲಿಲ್ಲ. ಕೆಳಗೆ ಮೆಟ್ಟಿಲ ಹತ್ತಿರ ಎಲ್ಲರನ್ನೂ ಸೇರಿಸಿದ. ರೌಟರನ್ನು ಬಾಲ ಹಿಡಿದ ಹೆಗ್ಗಣದ ಹಾಗೆ ವಯರಿನಲ್ಲಿ ನೇತಾಡಿಸಿದ. "ಇಷ್ಟು ದಿನ ಅಂಗಡಿ ಹಾಳು ಮಾಡಿದ್ದು ಇದು. ತಂದು ಸಿಕ್ಕಿಸಿದ್ದು ಇವಳು. ಫೋನಿನಲ್ಲಿ ರೀಲ್ಸ್ ನೋಡ್ಲಿಕ್ಕೆ."

ಝೈನಬ ಹಾಜಿಯವರ ಮುಖ ನೋಡಿದಳು. ಹಾಜಿಯವರು ಯಂತ್ರದ ವಿಷಯದಲ್ಲಿ ಶಾರ್ಜಾವನ್ನು ನಂಬುವವರು. ನಾಳೆಯಿಂದ ಬರುವುದು ಬೇಡ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಹಳೆಯ ವೈದ್ಯ, ಈಗಲೂ ಚಾಲ್ತಿಯಲ್ಲಿದೆ.

ಮರುದಿನ ಗುಡುಗಲಿಲ್ಲ. ಅದರ ಮರುದಿನವೂ ಇಲ್ಲ. ವಾರ ಕಳೆದರೂ ಮೋಡ ದೂರದ ಪಂಜ ಊರಿನ ಕಡೆ ತಿರುಗಿ, ಅಲ್ಲಿಯೇ ಸುರಿದು ಮುಗಿಯಿತು. ಪುತ್ತೂರಿನಲ್ಲಿ ಬಿಸಿಲು ಕಾಯುತ್ತಿತ್ತು, ಅಂಗಡಿಯ ಕಂಪ್ಯೂಟರ್‌ಗಳು ಮದುಮಗಳ ಕಡೆಯವರಂತೆ ಒಳ್ಳೆಯ ನಡತೆಯಲ್ಲಿದ್ದವು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು, ಕಾಗೆ ತಾನೇ ಮುರಿದೆನೆಂದು ವಾಟ್ಸಾಪಿನಲ್ಲಿ ಸ್ಟೇಟಸ್ ಹಾಕಿತು. ಹಾಜಿಯವರು ಸುಳ್ಯದ ಕೆಲಸಕ್ಕೆ ಹೂಂ ಅಂದರು. ಝೈನಬ ಪುತ್ತೂರಿನ ಬೇರೆ ಅಂಗಡಿಗಳ ಮೆಟ್ಟಿಲು ಹತ್ತಿದಳು. ಹಾಜಿಯವರಲ್ಲಿ ಯಾಕೆ ಬಿಟ್ಟದ್ದು ಎಂದು ಎಲ್ಲರೂ ಕೇಳಿದರು. ಕೇಳಿದವರಿಗೆಲ್ಲ ಉತ್ತರ ಮೊದಲೇ ಗೊತ್ತಿತ್ತು.

ಒಂದು ಸಂಜೆ ಶಿಫಾಗೆ ಬಟ್ಟೆ ಕೊಳ್ಳಲು ಆಶಿಕ್ ಅಂಗಡಿಗೆ ಬಂದಿದ್ದ. ಬಿಲ್ಲು ಮಾಡಿಸಿ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿರುವಾಗ ಮೋಡ ಗುಡುಗಿತು. ಅಭ್ಯಾಸದಂತೆ ಫೋನಿಗೆ ಕೈ ಹಾಕಿದ. ಅದೇ ಹೊತ್ತಿಗೆ ವಾಸಂತಿ ಎದ್ದು, ಸೆರಗು ಸಿಕ್ಕಿಸಿ, ಸ್ಟೂಲ್ ಎಳೆದು ಮೆಟ್ಟಿಲ ಅಡಿ ಕೂತಳು. ಕಪಾಟು ತೆರೆದು, ಅಲಸಂಡೆ ಕೊಯ್ಯುವ ಹಾಗೆ ಒಂದೊಂದೇ ವಯರ್ ಕಿತ್ತು ಎಡಗೈಯಲ್ಲಿ ಹಿಡಿದಳು. ಕೈ ತುಂಬಿದ ಮೇಲೆ ರಬ್ಬರ್ ಬ್ಯಾಂಡ್ ಹಾಕಿ ಗೋಡೆಯ ಮೊಳೆಗೆ ನೇತುಹಾಕಿದಳು.

ಆ ಕಡೆ ಶಿಫಾ ಫೋನ್ ತೆಗೆದು "ತೆಗ್ದಾಯ್ತು, ತೆಗ್ದಾಯ್ತು" ಎನ್ನುತ್ತಿದ್ದಳು. ಆಶಿಕ್ ಫೋನ್ ಕಿವಿಯಲ್ಲಿಟ್ಟುಕೊಂಡೇ ಮೊಳೆಯ ಮೇಲಿನ ಕಟ್ಟನ್ನು ನೋಡುತ್ತಿದ್ದ.

ಮಳೆ ನಿಲ್ಲುವ ತನಕ ಅವನು ಅಲ್ಲಿಂದ ಕದಲಲಿಲ್ಲ. ಮಳೆ ನಿಂತಿತು. ವಾಸಂತಿ ಕಟ್ಟು ಬಿಚ್ಚಿ, ಕೈಗೆ ಬಂದ ವಯರನ್ನು ಎಡದಿಂದ ಬಲಕ್ಕೆ ಒಂದೊಂದೇ ತೂತಿಗೆ ಹಾಕುತ್ತ ಹೋದಳು.

"ವಾಸಂತಿಯಕ್ಕ, ಯಾವ ವಯರ್ ಯಾವ ತೂತಿಗೆ ಅಂತ ನೋಡುದಿಲ್ವಾ?"

"ಯಾವ ತೂತಾದ್ರೆ ಎಂತ ಮಾರಾಯ್ರೆ? ಎಲ್ಲ ಒಂದೇ ನಮೂನೆ ಉಂಟಲ್ಲ. ಕಟಕ್ ಅಂತ ಕೂತ್ರೆ ಆಯ್ತು."

"ಪ್ರತಿ ಸಲ ಹೀಗೇ ಮಾಡುದಾ?"

"ಮತ್ತೆ? ನೀವೇ ಹೇಳಿದ್ದಲ್ವಾ, ಗುಡುಗಿದ್ರೆ ತೆಗ್ದಿಡಿ ಅಂತ? ಸುಳ್ಯದಲ್ಲಿ ನಮ್ಮ ಮನೆಯ ಫ್ರಿಜ್ ಹೋದದ್ದು ಹೀಗೆ ತೆಗೀದೆ. ನನ್ನ ಕೈಯಲ್ಲಿ ಅಂಗಡಿಯ ಒಂದು ಸಾಮಾನೂ ಸುಡಲಿಲ್ಲ" ಎಂದಳು ವಾಸಂತಿ ಹೆಮ್ಮೆಯಿಂದ.

"ನನಗೆ ಯಾಕೆ ಹೇಳ್ಲಿಲ್ಲ?"

"ಎಂತ ಹೇಳುದು? ಗುಡುಗಿದ್ರೆ ವಯರ್ ತೆಗೀತೇನೆ ಅಂತ ಯಾರಾದ್ರೂ ಹೇಳ್ತಾರಾ?"

ಆಶಿಕ್ ಮೊಣಕಾಲೂರಿದ. ಕಪಾಟಿನೊಳಗೆ ತಲೆ ಹಾಕಿದ. ಗಂಡಸರ ಮಾಳಿಗೆಯ ತೂತಿನಲ್ಲಿ ಸೀರೆ ಮಾಳಿಗೆಯ ವಯರ್. ಮದುವೆ ಮಾಳಿಗೆಯ ವಯರ್ ಅವನೇ ಎಲ್ಲಿಗೂ ಹೋಗದಂತೆ ಮಾಡಿದ ತೂತಿನಲ್ಲಿ. ಡಿಎಚ್‌ಸಿಪಿ ಮೊದಲ ದಿನದಿಂದಲೂ ಸರಿಯಾಗಿಯೇ ಬಡಿಸುತ್ತಿತ್ತು, ಉಣ್ಣುವವರನ್ನು ತಪ್ಪು ಹಾಲ್‌ನಲ್ಲಿ ಕೂರಿಸಲಾಗಿತ್ತು. ಕೆನ್ನೆಗೆ ಬಿದ್ದ ಹಾಗಾಯಿತು ಅವನಿಗೆ. ಅಲ್ಲಿಯೇ ಕೂತು ಒಂದೊಂದೇ ವಯರ್ ತಿರುಗಿಸಿ ಹಾಕಿದ, ಪ್ರತಿ ತೂತಿಗೂ ಚೀಟಿ ಅಂಟಿಸಿದ. ಶಾರ್ಜಾದಿಂದ ಬಂದ ಮೇಲೆ ಅವನು ಮಾಡಿದ ಮೊದಲ ಸರಿಯಾದ ಕೆಲಸ ಅದು.

"ಹಾಗಾದ್ರೆ ಆ ಹುಡುಗಿ?" ಎಂದಳು ವಾಸಂತಿ. ಅವಳ ಮುಖ ಇಳಿದಿತ್ತು.

"ಹಾಜಿಯವರಿಗೆ ನಾನು ಹೇಳ್ತೇನೆ."

ಹೇಳಿದ, ಸುಳ್ಳಲ್ಲ. ಮರುದಿನ ಹಾಜಿಯವರ ಎದುರು ಕೂತು, ಗಂಟಲು ಸರಿ ಮಾಡಿಕೊಂಡು ಹೇಳಿದ. "ಹಾಜಿಯವರೆ, ರೂಟ್ ಕಾಸ್ ಸಿಕ್ಕಿತು. ಅದು ರೋಗ್ ಡಿಎಚ್‌ಸಿಪಿ ಅಲ್ಲ, ಪೋರ್ಟ್ ಲೆವೆಲ್‌ನಲ್ಲಿ ಮಿಸ್‌ಪ್ಯಾಚ್ ಆಗಿ ವಿಲ್ಯಾನ್ ಮೆಂಬರ್‌ಶಿಪ್ ಚೇಂಜ್ ಆಗ್ತಾ ಇತ್ತು. ಎನ್ವಿರಾನ್‌ಮೆಂಟಲ್ ರೀಸನ್."

ಮದುವೆ ಹಾಲ್, ಬಿರಿಯಾನಿ, ಬಡಿಸುವವ ಎಲ್ಲ ಆ ದಿನ ಎಲ್ಲಿಗೆ ಹೋಗಿದ್ದರೋ.

"ಈಗ ಸರಿ ಉಂಟಾ?" ಎಂದರು ಹಾಜಿಯವರು.

"ಪರ್ಫೆಕ್ಟ್."

"ಮತ್ತೆಂತ, ಚಾ ಕುಡಿ. ಸುಳ್ಯಕ್ಕೆ ಯಾವಾಗ ಹೋಗುದು?"

ಆಶಿಕ್ ಚಾ ಕುಡಿದ. ಹೇಳುವುದು ಹೇಳಿಯಾಯಿತು, ಅವರಿಗೆ ಅರ್ಥವಾಗದಿದ್ದರೆ ತಾನೇನು ಮಾಡಲಿ ಎಂದು ಮನಸ್ಸಿಗೆ ಸಮಾಧಾನ ಹೇಳಿದ. ಮನಸ್ಸು ಅಷ್ಟು ಪೆದ್ದಲ್ಲ, ಆದರೆ ಸುಳ್ಯದ ಕೆಲಸದ ಎದುರು ಅದೂ ತಲೆಯಾಡಿಸಿತು.

ವಾಸಂತಿ ಮಾತ್ರ ಸುಮ್ಮನೆ ಕೂರಲಿಲ್ಲ. ಝೈನಬಳಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಹಾಜಿಯವರು ಕರೆಯುತ್ತಾರೆ, ನೋಡು ಎಂದಳು. ಝೈನಬ ಕಾದಳು. ಕರೆ ಬರಲಿಲ್ಲ. ಮುಂದಿನ ಶನಿವಾರ ಅವಳೇ ಬಂದಳು. ಆಶಿಕ್ ಆಗ ಹಾಜಿಯವರ ಕೋಣೆಯಲ್ಲಿ ಸುಳ್ಯದ ಅಂಗಡಿಯ ನಕ್ಷೆ ಹರಡಿಕೊಂಡು ಕೂತಿದ್ದ. ಬಾಗಿಲಲ್ಲಿ ಅವಳನ್ನು ಕಂಡು ನಕ್ಷೆಯ ಮೂಲೆಯನ್ನು ಅಗತ್ಯಕ್ಕಿಂತ ಹೆಚ್ಚು ನೇರ ಮಾಡಿದ.

"ಆಶಿಕ್ ಸರ್ ನಿಮ್ಮ ಹತ್ರ ಹೇಳಿದ್ರಾ ಹಾಜಿಯವರೆ?"

"ಹೇಳಿದ. ಎಂತದೋ ಮೆಂಬರ್‌ಶಿಪ್ ಹೋಗಿತ್ತಂತೆ" ಎಂದರು ಹಾಜಿಯವರು. "ಅದಕ್ಕೂ ನಿನಗೂ ಎಂತ?"

ಝೈನಬ ಆಶಿಕ್ ಕಡೆ ತಿರುಗಿದಳು. ಜೋರಾಗಿ ಮಾತಾಡಲಿಲ್ಲ. "ನನ್ನನ್ನು ತೆಗೆಯುವ ದಿನ ನೀವು ಹೇಳಿದ್ದು ಇಡೀ ಅಂಗಡಿಗೆ ಅರ್ಥ ಆಗಿತ್ತು ಸರ್. ನೆಟ್ಟಣದವರಿಗೂ ಅರ್ಥ ಆಯ್ತು."

ಆಶಿಕ್ ಬೆವರಿದ. ಎಸಿ ಓಡುತ್ತಲೇ ಇತ್ತು. ತಡವರಿಸಿಕೊಂಡು ಈ ಸಲ ಬಿಡಿಸಿ ಹೇಳಿದ. ಗುಡುಗಿದಾಗ ವಯರ್ ತೆಗೆದದ್ದು, ತಪ್ಪು ತೂತಿಗೆ ಹಾಕಿದ್ದು, ರೌಟರಿಗೂ ಇದಕ್ಕೂ ಸಂಬಂಧವೇ ಇಲ್ಲದ್ದು.

ಯಾರನ್ನಾದರೂ ತೆಗೆಯದೆ ಹಾಜಿಯವರ ಲೆಕ್ಕದಲ್ಲಿ ತಪ್ಪು ಮುಗಿಯುವುದಿಲ್ಲ. "ಹಾಗಾದ್ರೆ ವಾಸಂತಿದ್ದು ತಪ್ಪಾ?"

"ಅಲ್ಲ."

"ಮತ್ತೆ ಯಾರದ್ದು?"

ಆಶಿಕ್ ನಕ್ಷೆ ನೋಡಿದ, ಕಿಟಕಿ ನೋಡಿದ. "ಸಿಡಿಲಿದ್ದು" ಎಂದ.

ಹಾಜಿಯವರಿಗೆ ಬಹಳ ನಿರಾಳವಾಯಿತು. ಮೇಲಿನವನ ಕೆಲಸ, ಮನುಷ್ಯರಿಂದ ಏನು ಮಾಡಲಾದೀತು ಎಂದು ಕೈಯೆತ್ತುವುದರಲ್ಲಿದ್ದರು.

"ಸಿಡಿಲಿಗೆ ನನ್ನ ಹೆಸರು ಗೊತ್ತಿರ್ಲಿಲ್ಲ" ಎಂದಳು ಝೈನಬ. "ನನ್ನ ಹೆಸರು ಹೇಳಿದ್ದು ನೀವು. ಕೆಳಗೆ ಬನ್ನಿ. ಅವತ್ತು ನಿಂತ ಜಾಗದಲ್ಲೇ ನಿಂತು ಹೇಳಿ."

ಆಶಿಕ್ ಹಾಜಿಯವರನ್ನು ನೋಡಿದ. ಎತ್ತಹೊರಟಿದ್ದ ಅವರ ಕೈ ಈಗ ಬಾಗಿಲ ಕಡೆ ತೋರಿಸುತ್ತಿತ್ತು. ಕೊನೆಗೂ ವಿಷಯ ಅವರಿಗೆ ಬಿರಿಯಾನಿಯಿಲ್ಲದೆಯೇ ಅರ್ಥವಾಗಿತ್ತು.

ಮೆಟ್ಟಿಲ ಹತ್ತಿರ ಎಲ್ಲರೂ ಸೇರಿದರು. ಮಕ್ಕಳ ಬಟ್ಟೆಯ ಗಿರಾಕಿಗಳೂ ಏನೋ ಹಂಚುತ್ತಾರೆಂದು ಬಂದು ನಿಂತರು. ಆಶಿಕ್ ಕುತ್ತಿಗೆಯ ಕಾರ್ಡು ಮುಟ್ಟಿಕೊಂಡ. "ಆ್ಯಕ್ಚುವಲಿ, ಸ್ವಿಚ್ ಪೋರ್ಟ್‌ನಲ್ಲಿ" ಎಂದು ಶುರು ಮಾಡಿದ.

"ಎಲ್ಲರಿಗೂ ಅರ್ಥ ಆಗುವ ಹಾಗೆ ಸರ್" ಎಂದಳು ಝೈನಬ.

"ಇವಳು ಎಂತದೂ ಮಾಡ್ಲಿಲ್ಲ. ತಪ್ಪು ನನ್ನದು" ಎಂದ. ಅದು ಅವನ ಮೀಸೆಯವರೆಗೆ ಮಾತ್ರ ಕೇಳಿಸಿತು.

"ಕೇಳುದಿಲ್ಲ ಮಾರಾಯ್ರೆ" ಎಂದಳು ವಾಸಂತಿ ಹಿಂದಿನಿಂದ. "ಅವತ್ತು ಎಷ್ಟು ಜೋರಿತ್ತು, ಅಷ್ಟು ಜೋರು ಹೇಳಿ."

ಅವನು ಮತ್ತೆ ಹೇಳಿದ. ಈ ಸಲ ಮದುವೆ ಮಾಳಿಗೆಯವರೆಗೂ ಕೇಳಿಸಿತು. ಯಾರೂ ನಗಲಿಲ್ಲ, ಅದು ಅವನಿಗೆ ಅವರು ನಗುವುದಕ್ಕಿಂತ ಕಷ್ಟವಾಯಿತು.

ಹಾಜಿಯವರು ಮುಂದೆ ಬಂದು ಗಂಟಲು ಸರಿ ಮಾಡಿಕೊಂಡರು. "ಆಯ್ತಲ್ಲ ಮಗಳೆ. ನಾಳೆಯಿಂದ ಕೌಂಟರಿಗೆ ಬಾ."

ಝೈನಬ ಸೀರೆ ಮಾಳಿಗೆಯ ಕಡೆ ಒಮ್ಮೆ ತಲೆಯೆತ್ತಿ ನೋಡಿದಳು. ಕೆಲಸ ಕೇಳಿಕೊಂಡು ಬಂದವರಿಗೆ ಹಾಜಿಯವರು ಇಷ್ಟು ವರ್ಷ ಹೇಳುತ್ತ ಬಂದ ಮಾತನ್ನೇ, ಅಷ್ಟೇ ಮರ್ಯಾದೆಯಿಂದ ಹೇಳಿದಳು.

"ಯೋಚನೆ ಮಾಡಿ ಹೇಳ್ತೇನೆ ಹಾಜಿಯವರೆ. ಫೋನ್ ನಂಬರ್ ಇಟ್ಟು ಹೋಗಿ."